ಟೆಲ್ ಅಸ್ಮರ್ ಹರಕೆ ಗೊಂಬೆಯ ನಕಲು: ಕೈ ಚೆನ್ನಾಗಿದೆ, ಕಣ್ಣು ಸಾಲದು

ಐದಕ್ಕೆ ಮೂರು ಕೊಡುತ್ತೇನೆ. ಇದು ಇರಾಕಿನ ಟೆಲ್ ಅಸ್ಮರ್‌ನಲ್ಲಿ ಸಿಕ್ಕಿದ, ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ (ಚಿಕ್ಕದಾಗಿ ‘ಮೆಟ್’) ಗಡ್ಡದ ಭಕ್ತನ ಕಲ್ಲಿನ ಗೊಂಬೆಯ ನಕಲು. ಎತ್ತರ ಮೂಲದಷ್ಟೇ ಇದೆ, 29.5 ಸೆಂ.ಮೀ. ರಾಳದಲ್ಲಿ ಎರಕ ಹೊಯ್ದಿದ್ದಾರೆ, ಹಾಗಾಗಿ ಕೈಗೆತ್ತಿಕೊಂಡರೆ ಕಲ್ಲಿನ ತೂಕವಿಲ್ಲ, ಆದರೆ ಮೇಜಿನ ಮೇಲೆ ಅಲುಗಾಡದೆ ನಿಲ್ಲುತ್ತದೆ.

ಕೈಗಳನ್ನು ನೋಡಿ ನಿಜಕ್ಕೂ ಖುಷಿಯಾಯಿತು. ಎದೆಯ ಮುಂದೆ ಒಂದರ ಮೇಲೊಂದು ಹಿಡಿದ ಆ ಕೈಗಳ ಬಿಗಿ ಹಾಗೇ ಬಂದಿದೆ. ಗಡ್ಡದ ಅಡ್ಡಗೆರೆಗಳು, ಲಂಗದಂಥ ಉಡುಗೆಯ ಕೆಳಗಿನ ಕುಚ್ಚು, ಎಲ್ಲಾ ಬೆರಳಿಗೆ ಸಿಗುತ್ತವೆ.

ಕಣ್ಣಿಗೆ ಬಂದರೆ ಬೇಜಾರು. ಮೂಲದಲ್ಲಿ ಮೈ ಜಿಪ್ಸಮ್ ಕಲ್ಲು, ಕಣ್ಣಿನ ಬಿಳಿ ಚಿಪ್ಪು, ಪಾಪೆ ಕಪ್ಪು ಸುಣ್ಣಕಲ್ಲು. ಮೂರೂ ಬೇರೆ ಬೇರೆ, ಅದಕ್ಕೇ ಆ ನೋಟ ಅಷ್ಟು ದೂರದಿಂದಲೂ ಹಿಡಿದು ನಿಲ್ಲಿಸುತ್ತದೆ. ಇಲ್ಲಿ ಸುಮ್ನೆ ಬಿಳಿ ಬಣ್ಣ ಬಳಿದು ನಡುವೆ ಕಪ್ಪು ಚುಕ್ಕೆ ಇಟ್ಟಿದ್ದಾರೆ, ಎಡಗಣ್ಣಿನ ಬಣ್ಣ ರೆಪ್ಪೆ ದಾಟಿ ಕೆನ್ನೆಗೂ ತಾಗಿದೆ. ಈ ಗೊಂಬೆಯ ಕೆಲಸವೇ ನೋಡುವುದು ಅಲ್ವಾ? ಸುಮಾರು 4,600 ವರ್ಷಕ್ಕೂ ಹಿಂದೆ ಜನ ಇವನ್ನು ಗುಡಿಯಲ್ಲಿಟ್ಟಿದ್ದು, ತಾವು ಮನೆಗೆ ಹೋದ ಮೇಲೂ ತಮ್ಮ ಪರವಾಗಿ ದೇವರ ಮುಂದೆ ಕಣ್ಣು ಬಿಟ್ಟು ನಿಂತಿರಲಿ ಅಂತ. ಆ ಕಣ್ಣಲ್ಲೇ ಉಳಿತಾಯ ಮಾಡಿದರೆ ಹೇಗೆ?

ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ‘ಸುಮೇರಿಯನ್ (ಅಂದರೆ ಪ್ರಾಚೀನ ಇರಾಕಿನ ಒಂದು ನಾಗರಿಕತೆಯ) ದೇವರು’ ಅಂತ ಅಚ್ಚಾಗಿದೆ. ದೇವರು ಅನ್ನುವುದು ತಪ್ಪು. 1930ರ ದಶಕದಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ತಂಡ ಅಗೆದಾಗ ಗುಡಿಯ ನೆಲದಡಿ ಒಟ್ಟಿಗೆ ಹೂತಿಟ್ಟ 12 ಗೊಂಬೆಗಳು ಸಿಕ್ಕವು. ಅದರಲ್ಲಿ ಅತಿ ದೊಡ್ಡದು, 72 ಸೆಂ.ಮೀ. ಇರುವುದನ್ನು, ತಂಡದ ಮುಖ್ಯಸ್ಥ ಹೆನ್ರಿ ಫ್ರಾಂಕ್‌ಫರ್ಟ್ ದೇವರೆಂದೇ ತಿಳಿದಿದ್ದರು ನಿಜ, ಆದರೆ ಈಗ ಹೆಚ್ಚಿನ ವಿದ್ವಾಂಸರು ಅದನ್ನೂ ಭಕ್ತರ ಸಾಲಿಗೇ ಸೇರಿಸುತ್ತಾರೆ. ನಮ್ಮ ಗಡ್ಡದವನಂತೂ ಹರಕೆ ಹೊತ್ತ ಮನುಷ್ಯನೇ. ಮಾರುವವರು ಇಷ್ಟು ಓದಿಕೊಳ್ಳಬೇಕಿತ್ತು.

ಮಕ್ಕಳಿಗೆ ಇತಿಹಾಸ ಹೇಳಿಕೊಡುವವರು ಧಾರಾಳವಾಗಿ ಕೊಳ್ಳಿ, ಮುಟ್ಟಿ ನೋಡಲು ಒಳ್ಳೆಯ ವಸ್ತು. ಬರೀ ನೋಡುವುದಕ್ಕಾದರೆ ಮೆಟ್ ಜಾಲತಾಣದಲ್ಲಿ ಇದರ ಚಿತ್ರಗಳು ಉಚಿತವಾಗಿವೆ, ದೊಡ್ಡದು ಮಾಡಿ ಕಣ್ಣನ್ನೇ ನೋಡಿ. ಚಿಪ್ಪು ಕೂರಿಸಿದ ನಕಲು ಯಾರಾದರೂ ಮಾಡಿದರೆ ಜಾಸ್ತಿ ದುಡ್ಡಾದರೂ ಸರಿ, ನಾನು ಕೊಳ್ಳುತ್ತೇನೆ.