ಲೇಸ್ ಕಾಲುಚೀಲಕ್ಕೆ ರೆಜಿಯಾ 4 ಪ್ಲೈ: ನೂಲು ಒಳ್ಳೆಯದು, ಬಣ್ಣ ನೋಡಿ ಕೊಳ್ಳಿ

ಲೇಸ್ ಎಂದರೆ ತೂತುಗಳಿಂದಲೇ ವಿನ್ಯಾಸ ಮೂಡಿಸುವ ಹೆಣಿಗೆ. ಕಾಲುಚೀಲ ಹೆಣೆಯುವ ರೆಜಿಯಾ 4 ಪ್ಲೈ ನೂಲಿನಲ್ಲಿ ಉಣ್ಣೆ ಶೇ. 75, ನೈಲಾನ್ ಶೇ. 25. ಐವತ್ತು ಗ್ರಾಂ ಉಂಡೆಗೆ 210 ಮೀಟರ್ ನೂಲು. ಹೆಂಗಸರ ಸಾಧಾರಣ ಅಳತೆಯ ಒಂದು ಜೋಡಿಗೆ 100 ಗ್ರಾಂ ಧಾರಾಳ. ಎರಡು ಉಂಡೆ ತಂದು ಕಾಲಿಗೊಂದರಂತೆ ಇಟ್ಟುಕೊಂಡರೆ ನೂಲು ಸಾಲುತ್ತದೋ ಇಲ್ಲವೋ ಎಂಬ ಚಿಂತೆಯೇ ಇರುವುದಿಲ್ಲ.

ನಾಲ್ಕು ಎಳೆ ಹುರಿ ಮಾಡಿದ ದುಂಡು ನೂಲು ಇದು. ಸವೆತ ತಡೆಯುತ್ತದೆ, ಕುಣಿಕೆಗಳು ಒಂದೊಂದೂ ಎದ್ದು ಕಾಣುತ್ತವೆ. ಆದರೆ ಎರಡೆಳೆಯ ಲೇಸ್ ನೂಲಿನಷ್ಟು ಅಗಲವಾಗಿ ತೂತು ಬಾಯಿ ಬಿಡುವುದಿಲ್ಲ. ದುಂಡು ನೂಲು ಆ ಜಾಗವನ್ನು ತುಂಬಿಬಿಡುತ್ತದೆ. ಹಾಗಾಗಿ ಅಲ್ಲೊಂದು ಇಲ್ಲೊಂದು ಚಿಕ್ಕ ತೂತಿರುವ ವಿನ್ಯಾಸ ಇದರಲ್ಲಿ ಮಂಕು. ಎಲೆ, ಅಲೆಯಂಥ ದೊಡ್ಡ ವಿನ್ಯಾಸಗಳೇ ಚೆಂದ. ತಾನಾಗಿಯೇ ಪಟ್ಟೆ ಬೀಳುವ ಬಣ್ಣಗಳನ್ನು ಲೇಸಿಗೆ ಖಂಡಿತ ಕೊಳ್ಳಬೇಡಿ. ಪಟ್ಟೆಯ ನಡುವೆ ತೂತುಗಳು ಕಳೆದೇಹೋಗುತ್ತವೆ, ಅಷ್ಟು ಶ್ರಮವೂ ವ್ಯರ್ಥ. ಒಂದೇ ಬಣ್ಣದ ತಿಳಿ ಛಾಯೆ ಉತ್ತಮ. ಕಡುಗಪ್ಪಿನಲ್ಲಿ ಹೆಣೆಯುವಾಗ ತಪ್ಪು ಕೂಡ ಕಾಣದು.

ತಯಾರಕರು ಹೇಳುವ ಅಳತೆ 10 ಸೆಂ.ಮೀ.ಗೆ 30 ಕುಣಿಕೆ, 42 ಸಾಲು. ಪಾದದ ಸುತ್ತಳತೆ 23 ಸೆಂ.ಮೀ. ಇದ್ದರೆ, ಕಾಲಿಗೆ ಅಂಟಿ ಕೂರಲೆಂದು ಶೇ. 10 ಕಳೆದು ಸುಮಾರು 62 ಕುಣಿಕೆ ಬರುತ್ತದೆ. ಎಂಟು ಕುಣಿಕೆಗೊಮ್ಮೆ ಮರಳುವ ವಿನ್ಯಾಸಕ್ಕೆ ಹೊಂದುವಂತೆ 64 ಹಾಕಿ. ಎರಡು ಕುಣಿಕೆ ಕೂಡಿಸಿದ ಕಡೆಯೆಲ್ಲ ಲೇಸ್ ಅಷ್ಟಾಗಿ ಹಿಗ್ಗದು, ಆದ್ದರಿಂದ ಹಿಮ್ಮಡಿ ದಾಟುವಾಗ ಬಿಗಿಯಾದೀತು. ಕಣಕಾಲಿನ ಭಾಗ ಮುಗಿದ ಕೂಡಲೇ ತೊಟ್ಟು ನೋಡಿ. ಮೊದಲ ಕುಣಿಕೆಗಳನ್ನು ಎರಡು ಕಡ್ಡಿ ಜೋಡಿಸಿ ಹಾಕಿದರೆ ಬಾಯಿ ಸಡಿಲವಿರುತ್ತದೆ. ಅಳತೆಗೆಂದು ಮೊದಲೇ ಹೆಣೆದ ಮಾದರಿ ತುಂಡನ್ನು ಒಗೆದು ಒಣಗಿಸಿದ ಮೇಲೆಯೇ ಅಳೆಯಿರಿ, ಯಂತ್ರದಲ್ಲಿ ಒಗೆಯಬಲ್ಲ ಉಣ್ಣೆ ನೀರಿಗೆ ಬಿದ್ದರೆ ಸ್ವಲ್ಪ ಹಿಗ್ಗುತ್ತದೆ.

ಲೇಸ್ ಪಾದದ ಮೇಲ್ಭಾಗದ 32 ಕುಣಿಕೆಗಳಿಗೆ ಮಾತ್ರ ಇರಲಿ. ಅಂಗಾಲಿನಲ್ಲಿ ತೂತಿದ್ದರೆ ಚುಚ್ಚುತ್ತದೆ, ಬೇಗ ಸವೆಯುತ್ತದೆ. ಹಿಮ್ಮಡಿಯ ಪಟ್ಟಿಯನ್ನು ಒಂದು ಕುಣಿಕೆ ಜಾರಿಸಿ ಮುಂದಿನದನ್ನು ಹೆಣೆಯುತ್ತ ಹೋದರೆ ದಪ್ಪಗಾಗುತ್ತದೆ. 32 ಸಾಲು ಮುಗಿದಾಗ ಪ್ರತಿ ಅಂಚಿನಲ್ಲಿ 16 ಕುಣಿಕೆ ಎತ್ತಿಕೊಳ್ಳಬಹುದು.

ತಪ್ಪಾಗುವುದು ಹೆಚ್ಚಾಗಿ ಯಾರ್ನ್ ಓವರಿನಲ್ಲೇ, ಅಂದರೆ ತೂತು ಮಾಡಲು ನೂಲನ್ನು ಕಡ್ಡಿಯ ಮೇಲೆ ಒಮ್ಮೆ ಹಾಯಿಸುವಲ್ಲಿ. ಅದು ಕಡ್ಡಿಯ ತುದಿಗೆ ಬಂದರೆ ಜಾರಿಹೋಗುತ್ತದೆ, ಇಲ್ಲವೇ ಅತಿ ದೊಡ್ಡದಾಗುತ್ತದೆ. ಒಂದು ಕುಣಿಕೆಯನ್ನು ಪಕ್ಕದ ಕಡ್ಡಿಗೆ ಸರಿಸಿಕೊಂಡು ಅದನ್ನು ನಡುವೆ ತನ್ನಿ. ಸುತ್ತು ಮುಗಿದಾಗ 64ರ ಬದಲು 63 ಬಂದರೆ ಬಿಚ್ಚುವ ಮೊದಲು ನೋಡಿ, ಬಹುಪಾಲು ಯಾರ್ನ್ ಓವರ್ ಬಿಟ್ಟುಹೋಗಿರುತ್ತದೆ. ಮುಂದಿನ ಸುತ್ತಿನಲ್ಲಿ ಆ ಜಾಗದ ಅಡ್ಡ ನೂಲನ್ನು ಎತ್ತಿ, ತಿರುಚದೆ ಹೆಣೆದರೆ ಸರಿಹೋಗುತ್ತದೆ. ತಿರುಚಿದರೆ ತೂತು ಮುಚ್ಚಿಹೋಗುತ್ತದೆ. ವಿನ್ಯಾಸ ಒಂದು ಬಾರಿ ಪೂರ್ತಿಯಾದಾಗಲೆಲ್ಲ ಸೂಜಿಯಲ್ಲಿ ನುಣುಪಾದ ಹತ್ತಿ ದಾರ ಪೋಣಿಸಿ ಎಲ್ಲ ಕುಣಿಕೆಗಳ ಮೂಲಕ ಹಾಯಿಸಿಡಿ. ಏನೇ ಬಿಚ್ಚಿದರೂ ಅಲ್ಲಿಗೆ ನಿಲ್ಲುತ್ತದೆ.

ಒಗೆಯಲು 40 ಡಿಗ್ರಿವರೆಗಿನ ನೀರು ಸಾಕು. ಹಿಂಡಬೇಡಿ, ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಪಾದದ ಆಕಾರದ ಅಚ್ಚಿಗೆ ಎಳೆದು ತೊಡಿಸಿ ಒಣಗಿಸಿ. ಲೇಸ್ ಬಿಡಿಸಿಕೊಳ್ಳುವುದು ಆಗಲೇ.