ಜಾಳಿಗೆ, ಕೆಪಾಸಿಟರ್, ಕ್ಯಾಪ್ಸೂಲ್: ಅಗ್ಗದ ಮೈಕಿಗೆ ಯಾವುದು ಮೊದಲು?

ಧಾರವಾಡದ ಮನೆಯಲ್ಲೇ ತಂಬೂರಿ, ಹಾಡು ರೆಕಾರ್ಡ್ ಮಾಡೋ ತಮ್ಮ ಕೇಳಿದ: ‘ಅಣ್ಣಾ, ಈ ಅಗ್ಗದ ಕಂಡೆನ್ಸರ್ ಮೈಕಿನ ದನಿ ಚಲೋ ಆಗಾಕ ಮೊದಲ ಏನ ಮಾಡ್ಲಿ?’

ಖರ್ಚು ನೋಡಿದರೆ ಜಾಳಿಗೆಯೇ, ಅಂದರೆ ಮೈಕಿನ ತಲೆಯ ಲೋಹದ ಬಲೆ. ಹೊರಬಲೆಯ ಹಿಂದಿರುವ ಸಣ್ಣ ಕಣ್ಣಿನ ಬಲೆ ತೆಗೆದರೆ ಒಳಗೇ ಪುಟಿಯುವ ದನಿ ತಗ್ಗುತ್ತದೆ. ದುಡ್ಡೇನೂ ಬೇಕಿಲ್ಲ, ಆದರೆ ಪ, ಬ ಅಂದಾಗ ಉಸಿರು ಬಡಿಯುತ್ತದೆ. ಅದನ್ನು ತಡೆಯಲು ಮೈಕಿನ ಮುಂದೆ ಪಾಪ್ ಫಿಲ್ಟರ್ ಎಂಬ ಪರದೆ ಬೇಕೇ ಬೇಕು.

ಸಿಗ್ನಲ್ ದಾರಿಯ ಸೆರಾಮಿಕ್ ಕೆಪಾಸಿಟರ್ ಕಿತ್ತು ಫಿಲ್ಮ್ ಕೆಪಾಸಿಟರ್ ಕೂರಿಸುವುದೂ ಅಗ್ಗ. ಫಲ ಸಣ್ಣದು. ಬೆಸುಗೆ ಕಲಿಯಲು ಚಲೋ ಅಭ್ಯಾಸ ಅನ್ನು.

ದನಿಯ ಬಣ್ಣವೇ ಬದಲಾಗಬೇಕೆಂದರೆ ಕ್ಯಾಪ್ಸೂಲ್, ಅಂದರೆ ದನಿ ಹಿಡಿಯುವ ಬಿಲ್ಲೆಯನ್ನೇ ಬದಲಿಸಬೇಕು. ಎಡವುವುದೂ ಇಲ್ಲೇ. ಎಲೆಕ್ಟ್ರೆಟ್ ಬಗೆಯ ಕ್ಯಾಪ್ಸೂಲಿನಲ್ಲಿ ಚಾರ್ಜ್ ಒಳಗೇ ಇರುತ್ತದೆ, 34 ಮಿ.ಮೀ.ನ ದೊಡ್ಡ ಕ್ಯಾಪ್ಸೂಲಿಗೆ ಸಾಮಾನ್ಯವಾಗಿ ಹೊರಗಿನಿಂದ ವೋಲ್ಟೇಜ್ ಕೊಡಬೇಕು. ನಿನ್ನ ಬೋರ್ಡಿಗೆ ಅದು ಆಗದಿದ್ದರೆ ದುಡ್ಡು ನೀರಿಗೆ. ಎತ್ತರದ ಸ್ವರ ತಗ್ಗಿಸುವ ಸರ್ಕ್ಯೂಟ್ ಇಲ್ಲದೆ ಕೆ67 ಎಂಬ ಮಾದರಿಯ ಕ್ಯಾಪ್ಸೂಲ್ ಹಾಕಿದರೆ ಸ, ಶ ಕಿವಿಗೆ ಚುಚ್ಚುತ್ತವೆ. ಹಾಡಿಗೆ ಕೆ47 ಎಂಬ ಇನ್ನೊಂದು ಮಾದರಿ ಮೃದು. ಬೋರ್ಡು ಬಿಚ್ಚಿದಾಗ ಮುಟ್ಟದಂತೆಯೂ ನೋಡಿಕೊ: ನಾನೊಮ್ಮೆ ಜೆಫೆಟ್, ಅಂದರೆ ಕ್ಯಾಪ್ಸೂಲಿನ ಸಿಗ್ನಲ್ ಪಡೆಯುವ ಟ್ರಾನ್ಸಿಸ್ಟರ್ ಹತ್ತಿರ ಬರಿ ಬೆರಳು ತಾಗಿಸಿದ್ದೆ. ಶ್ರಾವಣದ ಜಿಟಿಜಿಟಿ ಮಳೆಗೆ ಒಗ್ಗರಣೆಯ ಸಾಸಿವೆ ಸಿಡಿದಂತೆ ಚಟಚಟ. ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿದ ಮೇಲೆ ನಿಂತಿತು.

ತಂಬೂರಿಯಷ್ಟೇ ಆದರೆ ಜಾಳಿಗೆ ಬಿಚ್ಚಿ ಕೇಳು, ಸಾಕಾದೀತು. ಕೋಣೆಯೇ ಗುಂಯ್‌ಗುಡುತ್ತಿದ್ದರೆ ಇದ್ಯಾವುದೂ ಬ್ಯಾಡ, ಮೊದಲು ಅವ್ವನ ಎರಡು ಕೌದಿ ಗೋಡೆಗೆ ತೂಗುಹಾಕು.