ನಾಬ್ ಹೇಳುವುದು 26, ನೀರು ಹೇಳುವುದು 28.5: ಮಲೆನಾಡಿನ ಮನೆಯಲ್ಲಿ ಅಕ್ವೇರಿಯಂ ಹೀಟರ್

ಈ ಹೀಟರಿನ ನಾಬನ್ನು 26ಕ್ಕೆ ಇಟ್ಟರೆ ನೀರು 28.5 ಡಿಗ್ರಿಗೆ ಹೋಗಿ ನಿಲ್ಲುತ್ತದೆ. ಬೇರೆಲ್ಲ ಆಮೇಲೆ, ಮೊದಲು ಇದನ್ನು ಹೇಳಬೇಕು. ದುಡ್ಡು ಕೊಟ್ಟು ತಂದ ವಸ್ತು ತನ್ನ ಮೈಮೇಲೆ ಬರೆದಿರುವ ಅಂಕಿಗೇ ನಿಯತ್ತಾಗಿಲ್ಲ ಅಂದರೆ ಸಿಟ್ಟು ಬರುತ್ತದೆ ಅಲ್ವಾ?

ನಾನು ಹೇಳುತ್ತಿರುವುದು ಗಾಜಿನ ಕೊಳವೆಯ, ನೀರಲ್ಲಿ ಮುಳುಗಿಸಿಡುವ, 100 ವ್ಯಾಟಿನ ಸಾದಾ ಹೀಟರ್ ಬಗ್ಗೆ. ಶಿವಮೊಗ್ಗದ ಮೀನಿನ ಅಂಗಡಿಯಲ್ಲಿ ತಂದಿದ್ದು, 700 ರೂಪಾಯಿ ಆಸುಪಾಸು. ಇದೇ ಬಗೆಯವು ಬೇರೆ ಬೇರೆ ಹೆಸರಲ್ಲಿ ಬರುವುದರಿಂದ ಕಂಪನಿ ಹೆಸರು ಬರೆಯುವುದಿಲ್ಲ. ಮಳೆಗಾಲ, ಚಳಿಗಾಲ ಎರಡನ್ನೂ ದಾಟಿಸಿದ ಮೇಲೆ ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿ ಕಡೆ ಹಂಚಿನ ಮನೆ. ಟ್ಯಾಂಕ್ ಎರಡು ಅಡಿ ಉದ್ದದ್ದು, ನೀರು ಸುಮಾರು 50 ಲೀಟರ್. ಲೀಟರಿಗೆ ಒಂದು ವ್ಯಾಟ್ ಸಾಕು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಆ ಲೆಕ್ಕದಲ್ಲಿ 50 ವ್ಯಾಟಿನದ್ದು ಸಾಕಿತ್ತು. ಆದರೆ ನಮ್ಮಲ್ಲಿ ಸಂಜೆ ವೋಲ್ಟೇಜ್ ಬೀಳುತ್ತದೆ. 230ರ ಜಾಗದಲ್ಲಿ 180 ಬಂದರೆ 100 ವ್ಯಾಟಿನ ಹೀಟರ್ 60 ವ್ಯಾಟಿನಷ್ಟೇ ಕಾಯಿಸುತ್ತದೆ. ಹೀಗೆ ವೋಲ್ಟೇಜ್ ಬೀಳುವ ಕಡೆಯವರು ಒಂದು ಸೈಜ್ ದೊಡ್ಡದೇ ತೆಗೆದುಕೊಳ್ಳಿ.

"ನಮ್ಮೂರಿಗೆ ಹೀಟರ್ ಯಾಕೆ, ಸುಮ್ನೆ ಕರೆಂಟ್ ದಂಡ" ಅಂದಿದ್ದರು ಅಮ್ಮ. ಬಯಲುಸೀಮೆಯಲ್ಲಾದರೆ ಆ ಮಾತು ಒಪ್ಪಬಹುದಿತ್ತು. ಇಲ್ಲಿ ಪುನರ್ವಸು, ಪುಷ್ಯ ಮಳೆ ಹಿಡಿದರೆ ದಿನಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ. ಹೀಟರ್ ಇಲ್ಲದಾಗ ಟ್ಯಾಂಕಿನ ನೀರು 21ಕ್ಕೆ ಇಳಿಯುತ್ತಿತ್ತು. ಮೀನು ಮೂಲೆ ಸೇರುತ್ತವೆ, ಹಾಕಿದ ಆಹಾರ ಹಾಗೇ ತಳಕ್ಕೆ ಹೋಗುತ್ತದೆ. ಹಿಂದೆಯೇ ಮೈಮೇಲೆ ಉಪ್ಪಿನ ಹರಳು ಉದುರಿಸಿದ ಹಾಗೆ ಬಿಳಿ ಚುಕ್ಕೆ. ಅದು ಇಕ್ ಎಂಬ ಪರಾವಲಂಬಿ ಜೀವಿಯ ಕೆಲಸ. ತಣ್ಣಗಾದ ಮೀನಿನ ಮೈಯಲ್ಲಿ ತಡೆದುಕೊಳ್ಳುವ ಶಕ್ತಿ ಕಡಿಮೆಯಾದಾಗ ಅದು ಹಿಡಿಯುತ್ತದೆ. ತಣ್ಣೀರಿನಲ್ಲಿ ಅದರ ಜೀವನಚಕ್ರ ವಾರಗಟ್ಟಲೆ ಎಳೆಯುತ್ತದೆ, ಹಾಗಾಗಿ ಔಷಧಿಯನ್ನೂ ಅಷ್ಟು ದಿನ ಹಾಕುತ್ತಲೇ ಇರಬೇಕು.

ಈಗ ಆ ಎರಡೂವರೆ ಡಿಗ್ರಿ ಯಾಕೆ ಅಷ್ಟು ಕಾಡುತ್ತದೆ ಅಂತ ಹೇಳುತ್ತೇನೆ. ಅಂಗಡಿಯಲ್ಲಿ 'ನಿಯಾನ್' ಅಂತ ಕೊಡುವ ಮೀನಲ್ಲಿ ಎರಡು ಜಾತಿ ಸೇರಿರುತ್ತವೆ. ಕೆಂಪು ಪಟ್ಟೆ ನೋಡಿ. ಹೊಟ್ಟೆಯ ನಡುವಿನಿಂದ ಶುರುವಾಗಿ ಬಾಲದವರೆಗೆ ಮಾತ್ರ ಇದ್ದರೆ ಅದು ನಿಯಾನ್ ಟೆಟ್ರಾ. ತಲೆಯ ಹತ್ತಿರದಿಂದ ಬಾಲದವರೆಗೆ ಪೂರ್ತಿ ಕೆಂಪಿದ್ದರೆ ಕಾರ್ಡಿನಲ್ ಟೆಟ್ರಾ. ಎರಡೂ ದಕ್ಷಿಣ ಅಮೆರಿಕದವೇ, ಆದರೆ ಕಾರ್ಡಿನಲ್ ರಿಯೊ ನೀಗ್ರೊ ಕಡೆಯ ಬೆಚ್ಚನೆ ನೀರಿನದ್ದು. ಅದಕ್ಕೆ 28 ಸಲೀಸು. ನಿಯಾನ್‌ಗೆ 24ರ ಆಸುಪಾಸು ಹಿತ. ತಳದಲ್ಲಿ ಓಡಾಡುವ ಕೋರಿ (ಕೋರಿಡೋರಾಸ್) ಮೀನಿನಲ್ಲೂ ಹೀಗೇ. ಬೂದು ಮೈಮೇಲೆ ಕಪ್ಪು ಮಚ್ಚೆಯ ಪೆಪ್ಪರ್ಡ್ ಕೋರಿಗೆ ತಂಪು ಬೇಕು. ಕಂದು ಮೈಮೇಲೆ ಬಿಳಿ ಚುಕ್ಕೆ, ಕಿತ್ತಳೆ ರೆಕ್ಕೆಯ ಸ್ಟರ್ಬಾಯ್ ಕೋರಿಗೆ ಬಿಸಿ ಬೇಕು. ನನ್ನಲ್ಲಿರುವುದು ನಿಯಾನ್ ಮತ್ತು ಪೆಪ್ಪರ್ಡ್. 28.5ರಲ್ಲಿ ಅವು ಮೇಲೆ ಬಂದು ಜೋರಾಗಿ ಕಿವಿರು ಆಡಿಸುತ್ತಿದ್ದವು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುವುದರಿಂದ ಹಾಗಾಗುತ್ತದೆ. ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತದೆ.

ಆದರೆ ಒಂದು ಮಾತು ಒಪ್ಪಬೇಕು. ಈ ಹೀಟರ್ ತಪ್ಪು ತೋರಿಸಿದರೂ ದಿನಾ ಒಂದೇ ಅಳತೆಯ ತಪ್ಪು ತೋರಿಸುತ್ತದೆ. ನಾಬ್ 22ಕ್ಕೆ ಇಟ್ಟರೆ ನೀರು 24.5. ಜೂನ್ ಆಗಲಿ, ಧನುರ್ಮಾಸವಾಗಲಿ, ಅದೇ. ಪಕ್ಕದಲ್ಲಿ 100 ರೂಪಾಯಿಯ ಗಾಜಿನ ಥರ್ಮಾಮೀಟರ್ ಅಂಟಿಸಿದ ಮೇಲೆ ನಾಬಿನ ಅಂಕಿಯನ್ನು ನೋಡುವುದೇ ಬಿಟ್ಟೆ. ಅಲ್ಲಿಂದ ಈಚೆಗೆ ಬಿಳಿ ಚುಕ್ಕೆ ಬಂದಿಲ್ಲ.

ಈಗ ಬೆಳಗ್ಗೆ ಎದ್ದ ಕೂಡಲೇ ಕಾಫಿಗೆ ನೀರಿಟ್ಟು ಟ್ಯಾಂಕಿನ ಮುಂದೆ ನಿಲ್ಲುತ್ತೇನೆ. ಹೊರಗೆ ಹಂಚಿನ ಮೇಲೆ ಮಳೆ ಸುರಿಯುತ್ತಿರುತ್ತದೆ. ಕತ್ತಲ ಕೋಣೆಯಲ್ಲಿ ಹೀಟರಿನ ಕಿತ್ತಳೆ ದೀಪ ಉರಿಯುತ್ತಿರುತ್ತದೆ, ಮುಚ್ಚಳದ ಒಳಗೆ ನೀರಹನಿ ಕಟ್ಟಿರುತ್ತದೆ. ರಾತ್ರಿ ಬಣ್ಣ ಕಳೆದುಕೊಂಡು ಮಂಕಾಗಿದ್ದ ನಿಯಾನ್‌ಗಳು ಲೈಟ್ ಹಾಕಿದ ಸ್ವಲ್ಪ ಹೊತ್ತಿಗೆ ನೀಲಿ ತುಂಬಿಕೊಳ್ಳುತ್ತವೆ. ದೀಪ ಟಕ್ ಅಂತ ಆರುವುದನ್ನು ನೋಡಿದರೆ ಸಮಾಧಾನ, ಅಂದರೆ ಬಿಸಿ ಸಾಕಾದಾಗ ಹೀಟರನ್ನು ಆರಿಸುವ ಥರ್ಮೋಸ್ಟಾಟ್ ಕೆಲಸ ಮಾಡುತ್ತಿದೆ. ಒಳಗಿನ ಲೋಹದ ಪಟ್ಟಿ ಅಂಟಿಕೊಂಡು ಆಫ್ ಆಗದೇ ಹೋದರೆ ಮೀನು ಬೆಂದೇ ಹೋಗುತ್ತವೆ. ಹಾಗಾಗಿ ದಿನಾ ನೋಡಲೇಬೇಕು.

ಕರೆಂಟ್ ಹೋದಾಗ ಇದನ್ನು ಇನ್ವರ್ಟರಿಗೆ ಹಾಕುವುದಿಲ್ಲ, ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಟ್ಯಾಂಕಿಗೆ ಕಂಬಳಿ ಹೊದಿಸಿ, ಏರ್ ಪಂಪನ್ನು ಮಾತ್ರ ಇನ್ವರ್ಟರಿಗೆ ಕೊಡುತ್ತೇನೆ. ನೀರು ನಿಧಾನಕ್ಕೆ ತಣ್ಣಗಾಗುವುದರಿಂದ ಒಂದು ರಾತ್ರಿ ಹೇಗೋ ಕಳೆಯುತ್ತದೆ. ಗಾಳಿ ನಿಂತರೆ ಮಾತ್ರ ಅಷ್ಟು ಹೊತ್ತು ಕಾಯಲಾಗುವುದಿಲ್ಲ.

ಖರ್ಚಿನ ವಿಚಾರ. ಮಳೆಗಾಲದಲ್ಲಿ ದಿನದ ಅರ್ಧ ಹೊತ್ತು ಉರಿದರೆ 1.2 ಯೂನಿಟ್, ತಿಂಗಳಿಗೆ 36. ಗೃಹಜ್ಯೋತಿಯಲ್ಲಿ ನಮ್ಮ ಮನೆಗೆ ಸಿಕ್ಕಿರುವ ಮಿತಿ ಕಡಿಮೆ, ಅದರ ಮೇಲಿನದ್ದಕ್ಕೆ ಬಿಲ್ ಬರುತ್ತದೆ. ಬರಲಿ. ಇಷ್ಟು ಉರಿಯುವುದು ಮಳೆಗಾಲದ ಮೂರು ತಿಂಗಳ ಮಾತು, ಬೇಸಿಗೆಯಲ್ಲಿ ಪ್ಲಗ್ಗೇ ಹಾಕುವುದಿಲ್ಲ.

ಕೊಂಡರೆ ಫಿಲ್ಟರಿನ ನೀರು ಬೀಳುವ ಕಡೆ ತಗ್ಗಿನಲ್ಲಿ ಅಡ್ಡ ಮಲಗಿಸಿ, ಬಿಸಿ ಎಲ್ಲ ಕಡೆ ಹರಡುತ್ತದೆ. ನೀರು ಬದಲಿಸುವ ಕಾಲು ಗಂಟೆ ಮೊದಲು ಪ್ಲಗ್ ತೆಗೆಯಿರಿ, ಬಿಸಿ ಗಾಜು ಗಾಳಿಗೆ ಬಂದರೆ ಸೀಳುತ್ತದೆ. ಹೀಟರನ್ನು ಟ್ಯಾಂಕಿನ ಗಾಜಿಗೆ ಅಂಟಿಸುವ ಹೀರುಬಟ್ಟಲು ಬೇಗ ಗಟ್ಟಿಯಾಗಿ ಕಳಚಿಕೊಳ್ಳುತ್ತದೆ, ಒಂದು ಜೊತೆ ಹೆಚ್ಚಿಗೆ ತಂದಿಡಿ.

ನನ್ನ ಅಂಕ 5ಕ್ಕೆ 3.5. ನಾಬ್ ಸರಿಯಿದ್ದಿದ್ದರೆ 4.5 ಕೊಡುತ್ತಿದ್ದೆ. ಬೆಟ್ಟಾ, ಟೆಟ್ರಾ ಸಾಕುವ ಮಲೆನಾಡಿನವರು ಥರ್ಮಾಮೀಟರ್ ಜೊತೆಗೇ ತೆಗೆದುಕೊಳ್ಳಿ. ಗೋಲ್ಡ್‌ಫಿಶ್ ಮಾತ್ರ ಇರುವವರಿಗೆ ಇದು ಬೇಡವೇ ಬೇಡ, ಅದು ತಂಪು ನೀರಿನ ಮೀನು.